ಒಂದೇ ಜಾವಾ ಕೋಡ್, ಎರಡು ಸರ್ವರ್, ಎರಡು ಉತ್ತರ: ಯಾವುದನ್ನು ನಂಬುವುದು?

ಓದುಗರ ಪ್ರಶ್ನೆ: "ಯಂತ್ರಗಳ ಕಂಪನವನ್ನು ಸೆನ್ಸರ್‌ಗಳಿಂದ ಓದಿ ಗಂಟೆಗೊಮ್ಮೆ ವರದಿ ಕೊಡುವ ಜಾವಾ ಪ್ರೋಗ್ರಾಂ ನಮ್ಮದು. ಇಷ್ಟು ದಿನ 64 ಬಿಟ್ ಇಂಟೆಲ್ ಸರ್ವರ್‌ನಲ್ಲಿ ಜಾವಾ 8 ಮೇಲೆ ಓಡುತ್ತಿತ್ತು. ಈಗ ಆರ್ಮ್ 64 ಸರ್ವರ್‌ಗೆ, ಜಾವಾ 21ಕ್ಕೆ ಹೋಗುತ್ತಿದ್ದೇವೆ. ಅದೇ ಕೋಡ್, ಅದೇ ಇನ್‌ಪುಟ್ ಫೈಲ್. ಆದರೂ ಹಲವು ಸಾಲುಗಳು 14ನೇ, 15ನೇ ಅಂಕಿಯಲ್ಲಿ ಬೇರೆ ಬರುತ್ತಿವೆ. ಅದನ್ನು ಸಹಿಸಬಹುದು. ಆದರೆ ಒಂದು ಸಾಲಿನಲ್ಲಿ ಹಳೆಯ ಸರ್ವರ್ 'ಸರಿ ಇದೆ' ಎಂದರೆ ಹೊಸದು 'ಎಚ್ಚರಿಕೆ' ಎನ್ನುತ್ತಿದೆ. ಲೆಕ್ಕ ಕಟ್ಟುನಿಟ್ಟಾಗಲಿ ಎಂದು ಎಲ್ಲ ಕ್ಲಾಸ್‌ಗಳಿಗೂ ಸ್ಟ್ರಿಕ್ಟ್‌ಎಫ್‌ಪಿ ಎಂಬ ಜಾವಾ ಪದ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಒಬ್ಬ ಸಹೋದ್ಯೋಗಿ ಹೊಸ ಪ್ರೊಸೆಸರೇ ಸರಿಯಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಎಲ್ಲವನ್ನೂ ದಶಾಂಶ ಅಂಕಿಗಳನ್ನು ಹಾಗೆಯೇ ಇಟ್ಟುಕೊಳ್ಳುವ ಬಿಗ್‌ಡೆಸಿಮಲ್‌ಗೆ ಬದಲಿಸೋಣ ಎನ್ನುತ್ತಾರೆ. ಮತ್ತೊಬ್ಬರು ಹತ್ತು ದಶಾಂಶ ಸ್ಥಾನಕ್ಕೆ ರೌಂಡ್ ಮಾಡಿ ಮುಗಿಸೋಣ ಎನ್ನುತ್ತಾರೆ. ಕೋಡ್‌ನಲ್ಲಿ ಸೈನ್, ಲಾಗರಿದಮ್, ಪವರ್ ಎಲ್ಲ ಇವೆ, ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿಯೂ ಇದೆ. ಯಾವ ಸರ್ವರ್ ಹೇಳುತ್ತಿರುವುದು ಸರಿ? ಇನ್ನೊಂದು ವಿಷಯ: ಹೊಸ ಸರ್ವರ್‌ನಲ್ಲೇ ಎರಡು ಸಲ ಓಡಿಸಿದರೂ ಕೆಲವೊಮ್ಮೆ ಕೊನೆಯ ಅಂಕಿ ಬೇರೆ ಬರುತ್ತದೆ. ಇದಂತೂ ನನಗೆ ಅರ್ಥವೇ ಆಗುತ್ತಿಲ್ಲ."

ಉತ್ತರ:

ನೀವು ಕೊನೆಗೆ 'ಇನ್ನೊಂದು ವಿಷಯ' ಎಂದು ಸೇರಿಸಿದ್ದೀರಲ್ಲ, ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಸುಳಿವು. ಹಳೆಯ ಸರ್ವರ್‌ಗೂ ಹೊಸದಕ್ಕೂ ಹೊಂದುತ್ತಿಲ್ಲ ಎಂಬುದು ಆಮೇಲಿನ ಮಾತು. ಹೊಸ ಸರ್ವರ್ ಈಗಾಗಲೇ ತನ್ನ ಉತ್ತರಕ್ಕೇ ತಾನು ಒಪ್ಪುತ್ತಿಲ್ಲ. ಅಂದರೆ ನಿಮ್ಮಲ್ಲಿ ಕಡಿಮೆ ಎಂದರೂ ಎರಡು ಕಾರಣಗಳು ಒಂದರ ಮೇಲೊಂದು ಕೂತಿವೆ. ಒಂದು, ಜೆವಿಎಂ (ಜಾವಾ ಕೋಡ್ ಓಡಿಸುವ ತಂತ್ರಾಂಶ) ಮತ್ತು ಪ್ರೊಸೆಸರ್ ಬದಲಾದದ್ದರಿಂದ ಬಂದದ್ದು. ಇನ್ನೊಂದಕ್ಕೆ ಜೆವಿಎಂ ಬದಲಾವಣೆಯ ಸಂಬಂಧವೇ ಇಲ್ಲ. ಅದು ಹಳೆಯ ಸರ್ವರ್‌ನಲ್ಲೂ ಇದ್ದಿರಬಹುದು, ಯಾರೂ ಅಂಕಿ ಅಂಕಿ ಹೋಲಿಸಿ ನೋಡಿರಲಿಲ್ಲ ಅಷ್ಟೇ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಸಿಗುವುದಿಲ್ಲ.

'ಯಾವ ಸರ್ವರ್ ಸರಿ' ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಸರಿ. ಕೇಳಬೇಕಾದ್ದು ಬೇರೆ: ಎರಡು ಓಟಗಳ ನಡುವೆ ಮೊದಲ ಬಿಟ್ ಬೇರೆಯಾದದ್ದು ಎಲ್ಲಿ? ಆ ಸಣ್ಣ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿದ್ದು ನಿಮ್ಮ ಕೋಡ್‌ನ ಯಾವ ಸಾಲು?

ಪ್ರೊಸೆಸರ್ ಮೇಲಿನ ಅನುಮಾನ, ಸ್ಟ್ರಿಕ್ಟ್‌ಎಫ್‌ಪಿ ಮೇಲಿನ ನಂಬಿಕೆ

ಪ್ರೊಸೆಸರ್ ಕೆಟ್ಟಿದೆ ಎಂಬ ಮಾತನ್ನು ಬಿಟ್ಟುಬಿಡಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗಮೂಲ, ಈ ಐದಕ್ಕೆ ಕಂಪ್ಯೂಟರ್‌ಗಳ ದಶಾಂಶ ಲೆಕ್ಕದ ಐಇಇಇ 754 ಮಾನದಂಡ 1985ರಲ್ಲೇ ಗೆರೆ ಎಳೆದಿದೆ. ನಿಜವಾದ ಉತ್ತರಕ್ಕೆ ಅತಿ ಹತ್ತಿರದ ಡಬಲ್ (ಜಾವಾ 64 ಬಿಟ್‌ನಲ್ಲಿ ಇಡುವ ದಶಾಂಶ ಸಂಖ್ಯೆ) ಯಾವುದೋ ಅದೇ ಬರಬೇಕು. ಇಂಟೆಲ್ ಆಗಲಿ ಆರ್ಮ್ ಆಗಲಿ, ಒಂದೇ ಎರಡು ಸಂಖ್ಯೆ ಕೊಟ್ಟು ಒಂದು ಸಲ ಕೂಡಿಸಿದರೆ 64 ಬಿಟ್‌ಗಳೂ ಒಂದೇ ಬರುತ್ತವೆ. 0.1ಕ್ಕೆ 0.2 ಸೇರಿಸಿದರೆ 0.30000000000000004 ಬರುವುದು ಎಲ್ಲ ಕಡೆ ಹಾಗೆಯೇ.

ಸ್ಟ್ರಿಕ್ಟ್‌ಎಫ್‌ಪಿ ಕಥೆ ಸ್ವಲ್ಪ ಹಳೆಯದು. ಹಳೆಯ 32 ಬಿಟ್ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಕ್ಸ್87 ಎಂಬ ಘಟಕ ಲೆಕ್ಕ ಮಾಡುತ್ತಿತ್ತು. ಅದರ ರಿಜಿಸ್ಟರ್‌ಗಳು 80 ಬಿಟ್‌ನವು. ಜಾವಾ ಕೇಳುವ 64 ಬಿಟ್‌ಗೆ ಅದನ್ನು ಕರಾರುವಾಕ್ಕಾಗಿ ಬಗ್ಗಿಸಬೇಕಾದರೆ ವೇಗ ಬೀಳುತ್ತಿತ್ತು. ಅದಕ್ಕೇ 1998ರಲ್ಲಿ ಬಂದ ಜಾವಾ 1.2 ನಿಯಮವನ್ನು ಸಡಿಲಿಸಿತು. ಮಧ್ಯದ ಲೆಕ್ಕಗಳಲ್ಲಿ ಘಾತದ ವ್ಯಾಪ್ತಿ ಜಾಸ್ತಿ ಇದ್ದರೂ ನಡೆಯುತ್ತದೆ ಎಂದಿತು. ಸಡಿಲಿಕೆ ಬೇಡ ಎನ್ನುವವರಿಗೆ ಸ್ಟ್ರಿಕ್ಟ್‌ಎಫ್‌ಪಿ ಕೊಟ್ಟಿತು. ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ತಪ್ಪಾಗಿ ಗೊತ್ತಿದೆ: ಸಡಿಲವಾದದ್ದು ಘಾತ ಮಾತ್ರ, ಅಂಕಿಗಳ ನಿಖರತೆ ಅಲ್ಲ. 10ರ 308ನೇ ಘಾತವನ್ನು ಹತ್ತರಿಂದ ಗುಣಿಸಿ, ಮತ್ತೆ ಹತ್ತರಿಂದ ಭಾಗಿಸಿದರೆ ಕಟ್ಟುನಿಟ್ಟಾದ ಲೆಕ್ಕದಲ್ಲಿ ಅನಂತ ಬರುತ್ತದೆ. ಸಡಿಲ ಲೆಕ್ಕದಲ್ಲಿ ಮೊದಲಿನ ಸಂಖ್ಯೆಯೇ ವಾಪಸ್ ಬರಬಹುದಿತ್ತು. ಇಂಥ ಅಂಚಿನ ಸಂಖ್ಯೆಗಳನ್ನು ಬಿಟ್ಟರೆ ದಿನನಿತ್ಯದ ಲೆಕ್ಕಕ್ಕೆ ಆಗಲೂ ದೊಡ್ಡ ವ್ಯತ್ಯಾಸ ಇರಲಿಲ್ಲ.

ಇಂಟೆಲ್ ಪ್ರೊಸೆಸರ್‌ಗಳಿಗೆ 64 ಬಿಟ್‌ನಲ್ಲೇ ಲೆಕ್ಕ ಮಾಡುವ ಎಸ್‌ಎಸ್‌ಇ2 ಸೂಚನೆಗಳು ಬಂದ ಮೇಲೆ ಆ ತೊಂದರೆಯೇ ಹೋಯಿತು. 64 ಬಿಟ್ ಇಂಟೆಲ್ ಮೇಲೆ ನಿಮ್ಮ ಜಾವಾ 8 ಕೂಡುವುದು ಗುಣಿಸುವುದನ್ನೆಲ್ಲ ಕಟ್ಟುನಿಟ್ಟಾಗಿಯೇ ಮಾಡುತ್ತಿತ್ತು. 2021ರ ಜಾವಾ 17ರಲ್ಲಿ ಜೆಇಪಿ 306 (ಜೆಇಪಿ ಎಂದರೆ ಜಾವಾ ಬದಲಾವಣೆಯ ಪ್ರಸ್ತಾವ) ಮೂಲಕ ಸಡಿಲಿಕೆಯನ್ನೇ ತೆಗೆದುಹಾಕಿದರು. ಈಗ ಸ್ಟ್ರಿಕ್ಟ್‌ಎಫ್‌ಪಿ ಬರೆದರೂ ಒಂದೇ, ಬಿಟ್ಟರೂ ಒಂದೇ. ಕಂಪೈಲರ್ ಬೇಕಾದರೆ 'ಇದು ಬೇಕಿಲ್ಲ' ಎಂದು ಎಚ್ಚರಿಸುತ್ತದೆ. ಹಾಗಾಗಿ ನೀವು ಅದನ್ನು ಹಾಕಿ ಏನೂ ಆಗದಿದ್ದದ್ದು ಸಹಜವೇ. ಒಂದು ತಮಾಷೆ ನೋಡಿ. ಐಇಇಇ 754ರ ಹಿಂದಿದ್ದ ವಿಲಿಯಂ ಕಹಾನ್ ಅವರು 1998ರಲ್ಲಿ ಜಾವಾದ ಫ್ಲೋಟಿಂಗ್ ಪಾಯಿಂಟ್ (ದಶಾಂಶ ಸಂಖ್ಯೆಗಳ) ಲೆಕ್ಕವನ್ನು ಖಾರವಾಗಿ ಟೀಕಿಸಿದರು. ಅವರ ಜೊತೆ ಸೇರಿ ಆ ಟೀಕೆ ಬರೆದವರು ಜೋ ಡಾರ್ಸಿ. ಮುಂದೆ ಜೆಇಪಿ 306ರ ಹೊಣೆ ಹೊತ್ತವರೂ ಅದೇ ಡಾರ್ಸಿ.

ಸೈನ್, ಲಾಗರಿದಮ್, ಪವರ್: ಇಲ್ಲಿ ಭಿನ್ನಾಭಿಪ್ರಾಯಕ್ಕೆ ಅನುಮತಿ ಇದೆ

ಐದು ಮೂಲ ಕ್ರಿಯೆಗಳಿಗೆ ಇರುವ ಬಿಗಿ ನಿಯಮ ಮ್ಯಾಥ್ ಕ್ಲಾಸಿನ ಸೈನ್, ಕೊಸೈನ್, ಲಾಗರಿದಮ್, ಎಕ್ಸ್‌ಪೊನೆಂಟ್, ಪವರ್ ಇವುಗಳಿಗೆ ಇಲ್ಲ. ಇವಕ್ಕೆ ಜಾವಾ ಕೊಡುವ ಭರವಸೆ ಇಷ್ಟೇ: ಉತ್ತರ ನಿಜವಾದ ಬೆಲೆಯಿಂದ 1 ಯುಎಲ್‌ಪಿ ಒಳಗೆ ಇರುತ್ತದೆ. ಯುಎಲ್‌ಪಿ ಎಂದರೆ ಆ ಜಾಗದಲ್ಲಿ ಅಕ್ಕಪಕ್ಕದ ಎರಡು ಡಬಲ್‌ಗಳ ನಡುವಿನ ಅಂತರ. 1ರ ಹತ್ತಿರ ಅದು ಸುಮಾರು 2.2 × 10⁻¹⁶. ಕೆಲವು ಫಂಕ್ಷನ್‌ಗಳಿಗೆ ಇನ್ನೂ ಜಾಸ್ತಿ ಸಡಿಲಿಕೆ ಇದೆ. ಎರಡು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಆರ್ಕ್‌ಟ್ಯಾನ್‌ಗೆ 2, ಹೈಪರ್ಬೋಲಿಕ್ ಸೈನ್‌ಗೆ 2.5 ಯುಎಲ್‌ಪಿ.

ನಿಜವಾದ ಸೈನ್ ಬೆಲೆ ಎರಡು ಡಬಲ್‌ಗಳ ಮಧ್ಯೆ ಬಿದ್ದಿದೆ ಎಂದುಕೊಳ್ಳಿ. ಕೆಳಗಿನದೂ 1 ಯುಎಲ್‌ಪಿ ಒಳಗಿದೆ, ಮೇಲಿನದೂ ಒಳಗಿದೆ. ಒಂದು ಜೆವಿಎಂ ಕೆಳಗಿನದನ್ನು ಕೊಟ್ಟರೆ, ಇನ್ನೊಂದು ಮೇಲಿನದನ್ನು ಕೊಟ್ಟರೆ ಇಬ್ಬರೂ ನಿಯಮ ಮುರಿದಿಲ್ಲ. ಯಾವಾಗಲೂ ಅತಿ ಹತ್ತಿರದ್ದನ್ನೇ ಕೊಡಬೇಕು ಎಂದು ಯಾಕೆ ಹಠ ಹಿಡಿಯಲಿಲ್ಲ? ನಿಜವಾದ ಬೆಲೆ ಎರಡರ ನಟ್ಟನಡುವೆ ಬಿದ್ದಂತೆ ಕಂಡಾಗ, ಅದು ಯಾವ ಕಡೆ ವಾಲಿದೆ ಎಂದು ತಿಳಿಯಲು ಎಷ್ಟು ಹೆಚ್ಚಿನ ಅಂಕಿ ಲೆಕ್ಕ ಹಾಕಬೇಕು ಎಂಬುದು ಮೊದಲೇ ಸುಲಭವಾಗಿ ಗೊತ್ತಾಗುವುದಿಲ್ಲ. ವೇಗ ಬೇಕು ಎಂದವರು ಆ ಖರ್ಚನ್ನು ಬಿಟ್ಟರು.

ನಿಮ್ಮ ಎರಡು ಸರ್ವರ್‌ಗಳ ನಡುವೆ ಏನಾಗಿದೆ ನೋಡಿ. ಹಾಟ್‌ಸ್ಪಾಟ್ ಎಂಬ ಜೆವಿಎಂ ಜಾವಾ 8ರ ಕಾಲದಲ್ಲಿ ಇಂಟೆಲ್ ಮೇಲೆ ಸೈನ್‌ಗೆ ಎಕ್ಸ್87ರ ಸೈನ್ ಸೂಚನೆಯನ್ನೇ ಬಳಸುತ್ತಿತ್ತು, ಅದೂ ಪೈನ ಕಾಲು ಭಾಗದೊಳಗಿನ ಕೋನಗಳಿಗೆ ಮಾತ್ರ. ಆ ಸೂಚನೆಯೊಳಗೆ ಪೈ 66 ಬಿಟ್‌ನಷ್ಟು ಮಾತ್ರ ಇರುವುದರಿಂದ, ಪೈ ಹತ್ತಿರದ ಕೋನಗಳಲ್ಲಿ ಉತ್ತರ 1 ಯುಎಲ್‌ಪಿ ಮಿತಿಯನ್ನು ಎಷ್ಟೋ ಪಟ್ಟು ದಾಟುತ್ತಿತ್ತು. ಅದಕ್ಕೇ ದೊಡ್ಡ ಕೋನಗಳನ್ನು ಸಾಫ್ಟ್‌ವೇರ್ ದಾರಿಗೆ ಕಳಿಸುತ್ತಿದ್ದರು. ಜಾವಾ 9ರಲ್ಲಿ ಅದನ್ನೆಲ್ಲ ತೆಗೆದು ಇಂಟೆಲ್‌ನವರೇ ಕೊಟ್ಟ ಗಣಿತ ಲೈಬ್ರರಿಯ ಕೋಡ್ ಸೇರಿಸಿದರು. ಆರ್ಮ್ 64ಕ್ಕೆ ಜಾವಾ 11ರಲ್ಲಿ ಜೆಇಪಿ 315 ಮೂಲಕ ಸೈನ್, ಕೊಸೈನ್, ಲಾಗರಿದಮ್‌ಗೆ ಬೇರೆಯೇ ಕೋಡ್ ಬಂತು. ಅಂದರೆ ನೀವು ಪ್ರೊಸೆಸರ್ ಬದಲಿಸದೆ ಬರೀ ಜಾವಾ 8ರಿಂದ 21ಕ್ಕೆ ಹೋಗಿದ್ದರೂ ಕೆಲವು ಕೊನೆಯ ಬಿಟ್‌ಗಳು ಬದಲಾಗುತ್ತಿದ್ದವು. ಆವೃತ್ತಿ ಮತ್ತು ಪ್ರೊಸೆಸರ್ ಎರಡನ್ನೂ ಒಂದೇ ಏಟಿಗೆ ಬದಲಿಸಿದ್ದೀರಿ, ಅದಕ್ಕೇ ತಲೆನೋವು ದುಪ್ಪಟ್ಟು. ಸಾಧ್ಯವಾದರೆ ಹಳೆಯ ಇಂಟೆಲ್ ಸರ್ವರ್ ಮೇಲೆ ಜಾವಾ 21 ಹಾಕಿ ಒಮ್ಮೆ ಓಡಿಸಿ. ಆ ಮೂರನೇ ಫಲಿತಾಂಶ ಅರ್ಧ ಗೊಂದಲ ಕಳೆಯುತ್ತದೆ.

ಸ್ಟ್ರಿಕ್ಟ್‌ಮ್ಯಾಥ್ ಎಂಬ ಕ್ಲಾಸ್ ಇರುವುದು ಇದಕ್ಕೇ. ಹೆಸರು ಹತ್ತಿರ ಇದ್ದರೂ ಅದು ಸ್ಟ್ರಿಕ್ಟ್‌ಎಫ್‌ಪಿ ಅಲ್ಲ. ಇದರ ಸೈನ್, ಲಾಗರಿದಮ್ ಎಲ್ಲ ಎಫ್‌ಡಿಲಿಬ್‌ಎಂ ಎಂಬ ಒಂದೇ ಲೈಬ್ರರಿಯ ಅಲ್ಗಾರಿದಮ್‌ನಂತೆ ಬಿಟ್ ಬಿಟ್ ಹೊಂದಲೇಬೇಕು ಎಂಬ ನಿಯಮ ಇದೆ. ಯಾವ ಪ್ರೊಸೆಸರ್ ಆದರೂ, ಯಾವ ಕಂಪನಿಯ ಜೆವಿಎಂ ಆದರೂ ಅದೇ ಉತ್ತರ. ಅದು ಹೆಚ್ಚು ನಿಖರ ಎಂದೇನೂ ಅಲ್ಲ, ಎಲ್ಲ ಕಡೆ ಒಂದೇ ಎಂದಷ್ಟೇ.

ಒಂದೇ ಸರ್ವರ್, ಎರಡು ಸಲ, ಎರಡು ಉತ್ತರ

ಇನ್ನು ನಿಮಗೆ ಅರ್ಥವೇ ಆಗದ ಭಾಗ. ಡಬಲ್‌ಗಳನ್ನು ಯಾವ ಕ್ರಮದಲ್ಲಿ ಕೂಡಿಸುತ್ತೀರಿ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. 0.1, 0.2, 0.3ನ್ನು ಎಡದಿಂದ ಕೂಡಿಸಿದರೆ 0.6000000000000001. ಮೊದಲು 0.2ಕ್ಕೆ 0.3 ಸೇರಿಸಿ, ಆಮೇಲೆ 0.1 ಸೇರಿಸಿದರೆ 0.6. ಇನ್ನೂ ಢಾಳಾದ ಉದಾಹರಣೆ: 10000000000000000ಕ್ಕೆ 1 ಸೇರಿಸಿ, ಮತ್ತೆ 1 ಸೇರಿಸಿ. ಸಂಖ್ಯೆ ಅಲ್ಲೇ ನಿಂತಿರುತ್ತದೆ, ಎರಡೂ ಒಂದುಗಳು ಮಾಯ. ಮೊದಲು 1ಕ್ಕೆ 1 ಸೇರಿಸಿ ಆ 2ನ್ನು ದೊಡ್ಡ ಸಂಖ್ಯೆಗೆ ಸೇರಿಸಿದರೆ 10000000000000002 ಸರಿಯಾಗಿ ಬರುತ್ತದೆ. ಡಬಲ್‌ನಲ್ಲಿ ಇರುವುದು 53 ಬಿಟ್ ಅಂಕಿ. 9007199254740992 ದಾಟಿದ ಮೇಲೆ ಬೆಸ ಸಂಖ್ಯೆಗಳಿಗೆ ಜಾಗವೇ ಇಲ್ಲ.

ಹಾಗಾದರೆ ನಿಮ್ಮ ಕೋಡ್‌ನಲ್ಲಿ ಕೂಡುವ ಕ್ರಮ ಓಟದಿಂದ ಓಟಕ್ಕೆ ಬದಲಾಗುವುದು ಎಲ್ಲಿ? ಇಂಥ ದೂರು ಬಂದಾಗ ನಾನು ಮೊದಲು ಹುಡುಕುವುದು ಹ್ಯಾಶ್‌ಮ್ಯಾಪ್, ಅಂದರೆ ಕೀ ಕೊಟ್ಟರೆ ಬೆಲೆ ಕೊಡುವ ಪಟ್ಟಿ. ಅದರೊಳಗಿನ ಕ್ರಮ ಕೀಯ ಹ್ಯಾಶ್‌ಕೋಡ್ ಎಂಬ ಸಂಖ್ಯೆಯ ಮೇಲೆ ನಿಂತಿರುತ್ತದೆ. ಅದರಲ್ಲೂ ಈನಮ್ (ಹೆಸರುಗಳ ಸ್ಥಿರ ಪಟ್ಟಿ) ಕೀ ಇರುವ ಹ್ಯಾಶ್‌ಮ್ಯಾಪ್. ಸ್ಟ್ರಿಂಗ್‌ನ ಹ್ಯಾಶ್‌ಕೋಡ್ ಹೇಗೆ ಬರಬೇಕು ಎಂದು ಜಾವಾ ನಿಗದಿ ಮಾಡಿದೆ, ಅದು ಎಲ್ಲ ಕಡೆ ಒಂದೇ. ಆದರೆ ಈನಮ್‌ನ ಹ್ಯಾಶ್‌ಕೋಡ್ ಆ ಆಬ್ಜೆಕ್ಟ್‌ನ ಗುರುತಿನಿಂದ ಬರುತ್ತದೆ. ಹ್ಯಾಶ್‌ಕೋಡ್ ಬರೆಯದೆ ಬಿಟ್ಟ ನಿಮ್ಮದೇ ಕ್ಲಾಸ್‌ಗಳದ್ದೂ ಅಷ್ಟೇ. ಅದು ಪ್ರತಿ ಓಟದಲ್ಲೂ ಒಂದೇ ಇರುತ್ತದೆ ಎಂಬ ಗ್ಯಾರಂಟಿ ಇಲ್ಲ. ಹತ್ತು ಸಲ ಒಂದೇ ಬಂದು ಹನ್ನೊಂದನೇ ಸಲ ಕೈ ಕೊಡಬಹುದು. ಸೆನ್ಸರ್ ಬಗೆಯನ್ನು ಈನಮ್ ಮಾಡಿ, ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟು, ಅದರ ಬೆಲೆಗಳನ್ನು ಲೂಪ್‌ನಲ್ಲಿ ಕೂಡಿಸಿದ್ದೀರಾ ನೋಡಿ. ಹಾಗಿದ್ದರೆ ನಿಮ್ಮ 'ಕೆಲವೊಮ್ಮೆ' ಅಲ್ಲೇ ಇದೆ. ಈನಮ್‌ಮ್ಯಾಪ್‌ಗೆ ಬದಲಿಸಿದರೆ ಕ್ರಮ ಗಟ್ಟಿಯಾಗುತ್ತದೆ. ಜಾವಾ 9ರಲ್ಲಿ ಬಂದ ಬದಲಾಯಿಸಲಾಗದ ಸೆಟ್, ಮ್ಯಾಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಜನ ಕ್ರಮವನ್ನು ನೆಚ್ಚಿಕೊಳ್ಳಬಾರದು ಎಂದು ಅವು ಪ್ರತಿ ಓಟಕ್ಕೂ ಬೇಕೆಂದೇ ಕ್ರಮ ಕಲಕುತ್ತವೆ.

ಇನ್ನೊಂದು ಜಾಗ ಪ್ಯಾರಲಲ್ ಸ್ಟ್ರೀಮ್. ಅದು ಡೇಟಾವನ್ನು ತುಂಡು ಮಾಡಿ ಬೇರೆ ಬೇರೆ ಥ್ರೆಡ್‌ಗಳಿಗೆ ಹಂಚುತ್ತದೆ. ತುಂಡಿನ ಗಾತ್ರ ಕೋರ್‌ಗಳ ಸಂಖ್ಯೆಯನ್ನು ನೋಡಿ ನಿರ್ಧಾರ ಆಗುತ್ತದೆ. ಹೊಸ ಸರ್ವರ್‌ನಲ್ಲಿ ಕೋರ್ ಜಾಸ್ತಿ ಇದ್ದರೆ ತುಂಡು ಬೇರೆ, ಮೊತ್ತದ ಕೊನೆಯ ಅಂಕಿ ಬೇರೆ. ಜನ ಇದನ್ನು ಆರ್ಮ್ ತಲೆಗೆ ಕಟ್ಟುತ್ತಾರೆ, ಪಾಪ. ಹಲವು ಥ್ರೆಡ್‌ಗಳು ಡಬಲ್‌ಆ್ಯಡರ್ ಎಂಬ ಮೊತ್ತ ಕೂಡಿಸುವ ಕ್ಲಾಸ್‌ಗೆ ಸುರಿಯುತ್ತಿದ್ದರಂತೂ ಯಾವ ಥ್ರೆಡ್ ಮೊದಲು ಬಂತು ಎಂಬುದರ ಮೇಲೆಯೇ ಉತ್ತರ ನಿಂತಿರುತ್ತದೆ.

ಸಿ ಲೈಬ್ರರಿ ಎಂಬ ಕಳ್ಳದಾರಿ

ಜಾವಾ ನಿಯಮಗಳೆಲ್ಲ ಜಾವಾ ಕೋಡ್‌ಗೆ. ಜಾವಾದಿಂದ ಸಿ ಕೋಡ್ ಕರೆಯುವ ಜೆಎನ್‌ಐ ಬಾಗಿಲು ದಾಟಿದ ಮೇಲೆ ಸಿ ಕಂಪೈಲರ್ ಹೇಳಿದ್ದೇ ನಡೆಯುತ್ತದೆ. ಗುಣಿಸಿ ಕೂಡಿಸುವ ಲೆಕ್ಕವನ್ನು ಒಂದೇ ಸೂಚನೆಯಲ್ಲಿ, ಒಂದೇ ಸಲ ರೌಂಡ್ ಮಾಡಿ ಮುಗಿಸುವ ಎಫ್‌ಎಂಎ ಎಂಬ ಸೌಲಭ್ಯ ಇದೆ. ನೀವಾಗಿ ಮ್ಯಾಥ್ ಕ್ಲಾಸಿನ ಎಫ್‌ಎಂಎ ಕರೆಯದ ಹೊರತು ಜಾವಾ ಅದನ್ನು ಬಳಸುವುದಿಲ್ಲ. ಬಳಸಿದರೆ ಉತ್ತರ ಬದಲಾಗುತ್ತದೆ, ಅದಕ್ಕೆ ಅನುಮತಿ ಇಲ್ಲ. ಆದರೆ ಜಿಸಿಸಿ ಎಂಬ ಸಿ ಕಂಪೈಲರ್ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲೇ ಆಪ್ಟಿಮೈಸ್ ಮಾಡುವಾಗ, ಪ್ರೊಸೆಸರ್‌ನಲ್ಲಿ ಎಫ್‌ಎಂಎ ಇದ್ದರೆ ಬಳಸಿಬಿಡುತ್ತದೆ. ಆರ್ಮ್ 64ರಲ್ಲಿ ಅದು ಮೂಲದಲ್ಲೇ ಇದೆ. 64 ಬಿಟ್ ಇಂಟೆಲ್‌ಗೆ ವಿಶೇಷ ಆಯ್ಕೆ ಕೊಡದೆ ಕಂಪೈಲ್ ಮಾಡಿದರೆ ಬಳಕೆಯಾಗುವುದಿಲ್ಲ. ಒಂದೇ ಸಿ ಫೈಲ್, ಒಂದೇ ಕಂಪೈಲರ್, ಎರಡು ಉತ್ತರ. ನಿಮ್ಮ ಲೈಬ್ರರಿ ಕಂಪನದ ಅಲೆಗಳನ್ನು ಬಿಡಿಸುವಂಥದ್ದಾದರೆ ಅದರೊಳಗೆ ಗುಣಿಸಿ ಕೂಡಿಸುವುದು ಬಿಟ್ಟು ಬೇರೆ ಕೆಲಸವೇ ಕಡಿಮೆ, ಅಲ್ವಾ?

ಇದಕ್ಕಿಂತ ಕೆಟ್ಟದ್ದೊಂದಿದೆ. ಜಿಸಿಸಿ 13ಕ್ಕಿಂತ ಮೊದಲು 'ಫಾಸ್ಟ್ ಮ್ಯಾಥ್' ಆಯ್ಕೆಯೊಂದಿಗೆ ಲಿಂಕ್ ಮಾಡಿದ ಲೈಬ್ರರಿ, ಲೋಡ್ ಆಗುವಾಗಲೇ ಆ ಥ್ರೆಡ್‌ನ ಪ್ರೊಸೆಸರ್ ಸೆಟ್ಟಿಂಗ್ ಬದಲಿಸಿಬಿಡುತ್ತಿತ್ತು. ತೀರಾ ಚಿಕ್ಕ ಸಂಖ್ಯೆಗಳೆಲ್ಲ ಸೊನ್ನೆ ಆಗುತ್ತವೆ, ಅದೂ ನಿಮ್ಮ ಜಾವಾ ಕೋಡ್‌ನಲ್ಲಿ! ಪರೀಕ್ಷೆ ಸುಲಭ. ಲೈಬ್ರರಿ ಲೋಡ್ ಆದ ಮೇಲೆ, ಡಬಲ್ ಕ್ಲಾಸಿನ ಮಿನ್ ನಾರ್ಮಲ್ ಬೆಲೆಯನ್ನು (ಪೂರ್ಣ ನಿಖರತೆ ಇರುವ ಅತಿ ಚಿಕ್ಕ ಸಂಖ್ಯೆ) ಒಂದು ವೇರಿಯಬಲ್‌ಗೆ ಹಾಕಿ ಎರಡರಿಂದ ಭಾಗಿಸಿ. ಉತ್ತರ ಸೊನ್ನೆ ಬಂದರೆ ಲೈಬ್ರರಿಯೇ ಅಪರಾಧಿ. ಇದು ನಿಮ್ಮ 15ನೇ ಅಂಕಿಗೆ ಕಾರಣ ಇರಲಿಕ್ಕಿಲ್ಲ, ಆದರೂ ನೋಡಲು ಒಂದು ನಿಮಿಷ ಸಾಕು.

ಹುಡುಕುವುದು ಹೇಗೆ

ಮೊದಲ ಕೆಲಸ: ಪ್ರಿಂಟ್ ಮಾಡಿದ ಅಕ್ಷರಗಳನ್ನು ಹೋಲಿಸುವುದನ್ನು ನಿಲ್ಲಿಸಿ. ಡಬಲ್ ಅನ್ನು ಸ್ಟ್ರಿಂಗ್ ಮಾಡುವ ಕೋಡ್ ಜಾವಾ 19ರಲ್ಲಿ ಬದಲಾಗಿದೆ. ಮೊದಲು ಕೆಲವು ಸಂಖ್ಯೆಗಳಿಗೆ ಬೇಡದ ಅಂಕಿಗಳು ಬರುತ್ತಿದ್ದವು, ಈಗ ಚಿಕ್ಕದಾಗಿ ಬರುತ್ತವೆ. ಬಿಟ್ ಒಂದೇ, ಅಕ್ಷರ ಬೇರೆ. ನಿಮ್ಮ ವರದಿಯ ಕೆಲವು ಸಾಲುಗಳ ಕಥೆ ಇಷ್ಟೇ ಇರಬಹುದು. ಡಬಲ್‌ನಿಂದ ಬಿಗ್‌ಡೆಸಿಮಲ್ ಮಾಡುವ ವ್ಯಾಲ್ಯೂಆಫ್ ಕೂಡ ಒಳಗೆ ಇದೇ ಸ್ಟ್ರಿಂಗ್ ಮೂಲಕ ಹೋಗುತ್ತದೆ, ಅಲ್ಲಿಗೂ ಈ ಬದಲಾವಣೆ ನುಗ್ಗಬಹುದು. ನಂಬರ್‌ಫಾರ್ಮ್ಯಾಟ್‌ನಲ್ಲೂ ಹಿಂದೆ ಇಂಥದ್ದಾಗಿತ್ತು. 0.8055ನ್ನು ಮೂರು ಸ್ಥಾನಕ್ಕೆ ಜಾವಾ 7 0.806 ಎಂದು ಬರೆಯುತ್ತಿತ್ತು, ಜಾವಾ 8 0.805 ಎನ್ನುತ್ತದೆ. ಮೆಮೊರಿಯಲ್ಲಿ ಇರುವ ನಿಜವಾದ ಬೆಲೆ 0.80549999… ಆದ್ದರಿಂದ ಎರಡನೆಯದೇ ಸರಿ.

ಹಾಗಾಗಿ ಪ್ರತಿ ಹಂತದಲ್ಲೂ ಡಬಲ್ ಕ್ಲಾಸಿನ 'ಡಬಲ್ ಟು ರಾ ಲಾಂಗ್ ಬಿಟ್ಸ್' ಕರೆದು, ಬರುವ ಲಾಂಗ್ (64 ಬಿಟ್ ಪೂರ್ಣಾಂಕ) ಸಂಖ್ಯೆಯನ್ನು ಫೈಲ್‌ಗೆ ಬರೆಯಿರಿ. ಅದರಲ್ಲಿ ಒಂದು ಅನುಕೂಲ ಇದೆ. 4.5ರ ಲಾಂಗ್ ರೂಪ 4616752568008179712. ಅದಕ್ಕೆ ತಾಗಿಕೊಂಡ ಕೆಳಗಿನ ಡಬಲ್ 4.499999999999999ರದ್ದು 4616752568008179711. ಒಂದೇ ಚಿಹ್ನೆಯ ಎರಡು ಸಂಖ್ಯೆಗಳ ಲಾಂಗ್‌ಗಳನ್ನು ಕಳೆದರೆ ಅವುಗಳ ನಡುವೆ ಎಷ್ಟು ಡಬಲ್ ದೂರ ಎಂದು ನೇರವಾಗಿ ಗೊತ್ತಾಗುತ್ತದೆ. ವ್ಯತ್ಯಾಸ 1, 2 ಎಂದು ಬಂದರೆ ಮ್ಯಾಥ್ ಫಂಕ್ಷನ್ ಅಥವಾ ಎಫ್‌ಎಂಎ ಕಡೆ ನೋಡಿ. ಸಾವಿರಗಳಲ್ಲಿ ಬಂದರೆ ಹತ್ತಿರದ ಎರಡು ದೊಡ್ಡ ಸಂಖ್ಯೆಗಳನ್ನು ಎಲ್ಲೋ ಕಳೆದಿದ್ದೀರಿ. ಮೇಲಿನ ಅಂಕಿಗಳು ಹೊಡೆದುಹೋಗಿ ಕೆಳಗಿನ ಕಸ ಮೇಲೆ ಬಂದಿದೆ.

ಎಲ್ಲ ಕಡೆ ಲಾಗ್ ಹಾಕಬೇಡಿ. ಮೊದಲು ಲೆಕ್ಕದ ಮಧ್ಯದಲ್ಲಿ ಒಂದು ಕಡೆ ಬರೆದು ಎರಡು ಸರ್ವರ್‌ಗಳ ಫೈಲ್ ಹೋಲಿಸಿ. ಅಲ್ಲಿವರೆಗೆ ಒಂದೇ ಇದ್ದರೆ ಮುಂದಿನ ಅರ್ಧ, ಇಲ್ಲದಿದ್ದರೆ ಹಿಂದಿನ ಅರ್ಧ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ, ಒಳಗೆ ಹೋದ ಬಿಟ್‌ಗಳು ಒಂದೇ, ಹೊರಗೆ ಬಂದವು ಬೇರೆ ಎನ್ನುವ ಒಂದೇ ಒಂದು ಸಾಲು ಸಿಗುತ್ತದೆ. ಅದು ಸೈನ್ ಕರೆ ಆಗಿದ್ದರೆ ಅದನ್ನು ಸ್ಟ್ರಿಕ್ಟ್‌ಮ್ಯಾಥ್ ಮಾಡಿ ಮತ್ತೆ ಓಡಿಸಿ. ಅದು ಕೂಡುವ ಲೂಪ್ ಆಗಿದ್ದರೆ, ಎರಡೂ ಕಡೆಯ ಸಂಖ್ಯೆಗಳನ್ನು ವಿಂಗಡಿಸಿ ಹೋಲಿಸಿ. ವಿಂಗಡಿಸಿದಾಗ ಪಟ್ಟಿ ಒಂದೇ, ಬಂದ ಕ್ರಮ ಮಾತ್ರ ಬೇರೆ ಎಂದಾದರೆ ಮೇಲೆ ಹೇಳಿದ ಹ್ಯಾಶ್‌ಮ್ಯಾಪ್ ರೋಗವೇ.

ಅದು ಮಾಮೂಲಿ ಕೂಡುವ ಕಳೆಯುವ ಸಾಲಾಗಿದ್ದು, ಒಳಗೆ ಹೋದದ್ದೂ ಕ್ರಮವೂ ಒಂದೇ ಆಗಿದ್ದು, ಆದರೂ ಉತ್ತರ ಬೇರೆ ಬಂದರೆ? ಆಗ ಮಾತ್ರ ಜೆವಿಎಂ ಮೇಲೆ ಅನುಮಾನ ಪಡಿ. 'ಎಕ್ಸ್ ಇಂಟ್' ಆಯ್ಕೆ ಕೊಟ್ಟು, ಓಡುತ್ತಿರುವಾಗಲೇ ಕೋಡ್ ಅನ್ನು ಯಂತ್ರಭಾಷೆಗೆ ತಿರುಗಿಸುವ ಜಿಟ್ ಕಂಪೈಲರ್ ಇಲ್ಲದೆ, ಬರೀ ಇಂಟರ್‌ಪ್ರೆಟರ್‌ನಲ್ಲಿ ಓಡಿಸಿ. ಮೊದಲ ಕೆಲವು ಸಾವಿರ ಕರೆಗಳಲ್ಲಿ ಒಂದು ಉತ್ತರ, ಕೋಡ್ ಬಿಸಿಯಾಗಿ ಕಂಪೈಲ್ ಆದ ಮೇಲೆ ಇನ್ನೊಂದು ಉತ್ತರ ಬರುತ್ತಿದ್ದರೆ ಅದು ನಿಜವಾದ ಬಗ್. ಚಿಕ್ಕ ಪ್ರೋಗ್ರಾಂ ಮಾಡಿ ಜೆವಿಎಂ ತಯಾರಕರಿಗೆ ಕಳಿಸಿ. ಇಂಥದ್ದು ಇದೆ, ಆದರೆ ಅಪರೂಪ. ಇಲ್ಲಿಂದ ಶುರು ಮಾಡುವವರು ಸುಮ್ನೆ ವಾರಗಟ್ಟಲೆ ಕಳೆಯುತ್ತಾರೆ.

ನಿಮ್ಮ ಮುಂದಿರುವ ದಾರಿಗಳು

ಸ್ಟ್ರಿಕ್ಟ್‌ಮ್ಯಾಥ್ ಮತ್ತು ಗಟ್ಟಿ ಕ್ರಮ, ನಾನು ಮೊದಲು ಹೇಳುವುದು ಇದನ್ನೇ. ಮ್ಯಾಥ್ ಕರೆಗಳನ್ನು ಸ್ಟ್ರಿಕ್ಟ್‌ಮ್ಯಾಥ್‌ಗೆ ಬದಲಿಸಿ, ಕೂಡುವ ಕ್ರಮವನ್ನು ನೀವೇ ನಿಗದಿ ಮಾಡಿದರೆ ಜಾವಾ ಭಾಗ ಎಲ್ಲ ಕಡೆ ಬಿಟ್ ಬಿಟ್ ಒಂದೇ ಆಗುತ್ತದೆ. ಬೆಲೆ ಏನು ಅಂದರೆ, ಸೈನ್ ಲಾಗರಿದಮ್ ನಿಧಾನವಾಗುತ್ತವೆ. ನಿಮ್ಮದು ಗಂಟೆಗೊಮ್ಮೆ ಬರುವ ವರದಿ, ಬಹುಶಃ ಗೊತ್ತೇ ಆಗುವುದಿಲ್ಲ, ಆದರೂ ಅಳೆದು ನೋಡಿ. ಇನ್ನೊಂದು ಎಚ್ಚರ: ಹೀಗೆ ಮಾಡಿದಾಗ ಹೊಸ ಉತ್ತರ ಹಳೆಯ ಜಾವಾ 8ರ ಉತ್ತರಕ್ಕೆ ಹೊಂದುತ್ತದೆ ಎಂದಲ್ಲ. ಒಂದು ಸಲ ಎಲ್ಲ ಬದಲಾಗುತ್ತದೆ, ಅಲ್ಲಿಂದ ಮುಂದೆ ಬದಲಾಗುವುದಿಲ್ಲ. ಟೆಸ್ಟ್‌ನ ನಿರೀಕ್ಷಿತ ಬೆಲೆಗಳನ್ನು ಒಮ್ಮೆ ಹೊಸದಾಗಿ ಬರೆಯಬೇಕು, ಇದನ್ನು ತಂಡಕ್ಕೆ ಮೊದಲೇ ಹೇಳಿಬಿಡಿ.

ಬಿಗ್‌ಡೆಸಿಮಲ್ ನಿಮಗಲ್ಲ. ಹಣದ ಲೆಕ್ಕ ಆಗಿದ್ದರೆ ನಾನೇ ಅದನ್ನು ಬಳಸಿ ಎನ್ನುತ್ತಿದ್ದೆ. ಅದರಲ್ಲಿ ಸೈನ್, ಲಾಗರಿದಮ್ ಇಲ್ಲ. ಒಂದನ್ನು ಮೂರರಿಂದ ಭಾಗಿಸಿ ಎಂದರೆ, ಎಷ್ಟು ಅಂಕಿ ಬೇಕು ಎಂದು ಹೇಳದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ. ಸೆನ್ಸರ್ ಓದುವುದೇ ಮೂರು ನಾಲ್ಕು ಅಂಕಿ ನಂಬುವಂತೆ, ಅದಕ್ಕೆ ಮೂವತ್ತು ಅಂಕಿಯ ಲೆಕ್ಕ ಯಾಕೆ?

ರೌಂಡ್ ಮಾಡಿ ಮುಗಿಸೋಣ ಎಂಬ ಸಲಹೆ ಕೇಳಲು ಚೆನ್ನಾಗಿದೆ. ತೊಂದರೆ ಎರಡು. 4.1249999999999 ಮತ್ತು 4.1250000000001, ಇವೆರಡರ ಅಂತರ ಇಲ್ಲವೆನ್ನುವಷ್ಟು ಚಿಕ್ಕದು. ಎರಡು ಸ್ಥಾನಕ್ಕೆ ರೌಂಡ್ ಮಾಡಿ ನೋಡಿ, ಒಂದು 4.12, ಇನ್ನೊಂದು 4.13. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ನೀವೇ ಕೈಯಾರೆ ದೊಡ್ಡದು ಮಾಡಿದಿರಿ. ಇಂಥ ಸಾಲುಗಳು ಕಡಿಮೆಯಾಗುತ್ತವೆ, ಇಲ್ಲವಾಗುವುದಿಲ್ಲ. ಆಮೇಲೆ ಆರು ತಿಂಗಳಿಗೊಮ್ಮೆ ಒಂದು ಸಿಕ್ಕಿ ಎಲ್ಲರ ನಿದ್ದೆ ಕೆಡಿಸುತ್ತದೆ. ಎರಡನೆಯದು, ಸಂಖ್ಯೆ 10 ಲಕ್ಷದ ಆಸುಪಾಸಿನಲ್ಲಿದ್ದರೆ ಅಕ್ಕಪಕ್ಕದ ಡಬಲ್‌ಗಳ ಅಂತರವೇ ಸುಮಾರು 1.16 × 10⁻¹⁰. ಅಲ್ಲಿ ಹತ್ತು ದಶಾಂಶ ಸ್ಥಾನಕ್ಕೆ ರೌಂಡ್ ಮಾಡುವುದೆಂದರೆ ಏನೂ ಮಾಡದಿದ್ದಂತೆಯೇ. ವರದಿಯಲ್ಲಿ ತೋರಿಸುವಾಗ ರೌಂಡ್ ಮಾಡಿ, ಲೆಕ್ಕದ ನಡುವೆ ಬೇಡ.

ಟೆಸ್ಟ್‌ಗಳಲ್ಲಿ ಮಾತ್ರ ಸಮ ಎಂದು ಹೋಲಿಸುವ ಬದಲು ಇಷ್ಟರೊಳಗೆ ಇದ್ದರೆ ಸಾಕು ಎಂದು ಹೋಲಿಸಿ. ಅದನ್ನು ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಇಡಿ, ಸೊನ್ನೆಯ ಹತ್ತಿರದ ಸಂಖ್ಯೆಗಳಿಗೆ ಬೇರೆ ಮಿತಿ ಕೊಡಿ. ಟೆಸ್ಟ್ ಕೆಂಪಾದಾಗಲೆಲ್ಲ ಮಿತಿಯನ್ನು ಹತ್ತು ಪಟ್ಟು ಏರಿಸುವ ಅಭ್ಯಾಸ ಕೆಲವು ತಂಡಗಳಲ್ಲಿದೆ. ಹಾಗೆ ಏರಿಸಿ ಏರಿಸಿ ಕೊನೆಗೆ ನಿಜವಾದ ತಪ್ಪೂ ಅದರೊಳಗೆ ಆರಾಮವಾಗಿ ಕೂರುತ್ತದೆ.

ಹಳೆಯ ಜೆವಿಎಂಗೇ ಅಂಟಿಕೊಂಡು ಕೂರೋಣವೇ ಎಂದು ಯಾರಾದರೂ ಕೇಳಬಹುದು. ಕೆಲವು ವಾರ ಸಮಯ ಬೇಕಿದ್ದರೆ ಸರಿ. ಅದಕ್ಕಿಂತ ಮುಂದೆ ಹೋದರೆ ಭದ್ರತಾ ತಿದ್ದುಪಡಿಗಳು ತಪ್ಪಬಹುದು, ಅದು ಕೊನೆಯ ಅಂಕಿಗಿಂತ ದೊಡ್ಡ ಅಪಾಯ.

ಇನ್ನು 'ಎಚ್ಚರಿಕೆ' ಎಂದ ಆ ಒಂದು ಸಾಲು. ನಿಮ್ಮ ಮಿತಿ ಏನೆಂದು ನೀವು ಬರೆದಿಲ್ಲ, 4.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎಚ್ಚರಿಕೆ ಎಂದಿಟ್ಟುಕೊಳ್ಳಿ. ಹಳೆಯದು 4.499999999999999 ಕೊಟ್ಟಿದೆ, ಹೊಸದು 4.5 ಕೊಟ್ಟಿದೆ. ಯಾವ ಸೆನ್ಸರ್‌ಗೂ ಈ ಎರಡರ ವ್ಯತ್ಯಾಸ ತಿಳಿಯದು. ಸ್ಟ್ರಿಕ್ಟ್‌ಮ್ಯಾಥ್ ಹಾಕಿದರೆ ಎರಡೂ ಸರ್ವರ್ ಒಂದೇ ಮಾತು ಹೇಳುತ್ತವೆ, ನಿಜ. ಆದರೆ ಮಿತಿಯ ಮೇಲೇ ನಿಂತ ಯಂತ್ರ ಈ ಗಂಟೆ 'ಸರಿ', ಮುಂದಿನ ಗಂಟೆ 'ಎಚ್ಚರಿಕೆ' ಎನ್ನುವುದು ತಪ್ಪುವುದಿಲ್ಲ. ಅಲ್ಲಿ ಬದಲಾಗಬೇಕಾದ್ದು ನಿಯಮ. 4.5 ಮುಟ್ಟಿದಾಗ ಎಚ್ಚರಿಕೆ ಶುರು ಮಾಡಿ, 4.3ಕ್ಕೋ ಇನ್ನೆಷ್ಟಕ್ಕೋ ಇಳಿದ ಮೇಲೆ ಮಾತ್ರ ತೆಗೆಯಿರಿ. ಆ ಎರಡನೇ ಸಂಖ್ಯೆಯನ್ನು ಪ್ರೋಗ್ರಾಮರ್ ಊಹಿಸಬಾರದು, ಯಂತ್ರ ನೋಡಿಕೊಳ್ಳುವ ಎಂಜಿನಿಯರ್‌ಗಳನ್ನು ಕೇಳಿ. ಸೆನ್ಸರ್‌ನ ನಿಖರತೆ ಎಷ್ಟು ಎಂದು ಅವರಿಗೆ ಗೊತ್ತಿರುತ್ತದೆ.

ಕೆಲಸ ಶುರು ಮಾಡುವುದಾದರೆ ಈನಮ್ ಹ್ಯಾಶ್‌ಮ್ಯಾಪ್ ಹುಡುಕುವುದರಿಂದ ಮಾಡಿ. ಹೊಸ ಸರ್ವರ್ ಸತತವಾಗಿ ತನ್ನ ಉತ್ತರಕ್ಕೆ ತಾನು ಹೊಂದುವವರೆಗೆ ಹಳೆಯದರೊಂದಿಗೆ ಹೋಲಿಸಲೇಬೇಡಿ. ಆಮೇಲೆ ಲಾಂಗ್ ಬಿಟ್‌ಗಳ ಫೈಲ್ ತೆಗೆಯಿರಿ. ಮೊದಲ ವ್ಯತ್ಯಾಸ ಸಿ ಲೈಬ್ರರಿಯೊಳಗೆ ಸಿಕ್ಕರೆ, ಅದನ್ನು ಜಿಸಿಸಿಯಲ್ಲಿ ಎಫ್‌ಎಂಎ ಬಳಕೆಯನ್ನು ನಿಯಂತ್ರಿಸುವ 'ಎಫ್‌ಪಿ ಕಾಂಟ್ರ್ಯಾಕ್ಟ್' ಆಯ್ಕೆಯನ್ನು 'ಆಫ್' ಮಾಡಿ ಮತ್ತೆ ಕಂಪೈಲ್ ಮಾಡಿಸಿ ನೋಡಿ. ಲೈಬ್ರರಿಯ ಮೂಲ ಕೋಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ, ಅದನ್ನು ಕೊಟ್ಟವರಿಗೆ ಈ ಒಂದು ಸಾಲು ಬರೆದರೆ ಸಾಕು, ಅವರಿಗೆ ಅರ್ಥವಾಗುತ್ತದೆ.